ಪರೀಕ್ಷೆಯ ನಡುವೆ ಆಗಮನಕಾಲ

ಪಾಶ್ಚಾತ್ಯ ಕ್ರೈಸ್ತ ಸಭೆಗಳಲ್ಲಿ ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳ ಅವಧಿಯೇ ಆಗಮನಕಾಲ. ನವೆಂಬರ್ 27ರಿಂದ ಡಿಸೆಂಬರ್ 3ರೊಳಗೆ ಬರುವ ಭಾನುವಾರ ಅದು ಆರಂಭವಾಗುತ್ತದೆ. ಅಮೆರಿಕದ ಬಹುಪಾಲು ಕಾಲೇಜುಗಳಲ್ಲಿ ಸೆಮಿಸ್ಟರ್ ಪರೀಕ್ಷೆಗಳೂ ಡಿಸೆಂಬರ್‌ನಲ್ಲೇ ನಡೆಯುತ್ತವೆ. ಕರ್ನಾಟಕದ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಬೆಸ ಸೆಮಿಸ್ಟರ್ ಪರೀಕ್ಷೆಗಳು ಸಾಮಾನ್ಯವಾಗಿ ಬರುವುದು ಡಿಸೆಂಬರ್–ಜನವರಿಯಲ್ಲಿ. ಕ್ಯಾರಲ್ ಅಭ್ಯಾಸಕ್ಕೂ ಹೋಗಲಾಗದೆ, ಗೋದಲಿ ಕಟ್ಟಲೂ ಕೈಜೋಡಿಸಲಾಗದೆ ಕೂತವರಿಗೆ ಹಬ್ಬವೇ ಕೈತಪ್ಪಿತೆಂಬ ಕೊರಗು ಸಹಜ.

ಆದರೆ ಆಗಮನಕಾಲ ಸಡಗರದ ಕಾಲವಲ್ಲ, ಕಾಯುವ ಕಾಲ. ಕಥೋಲಿಕ ಪೂಜೆಯಲ್ಲಿ ಗುರುಗಳ ಉಡುಪು ನೇರಳೆಗೆ ತಿರುಗುತ್ತದೆ, ಭಾನುವಾರದ ಮಹಿಮಾಗೀತೆ ನಿಲ್ಲುತ್ತದೆ. ಅಲಂಕಾರ, ಕೇಕು, ಔತಣಗಳಿಗಿಂತ ಓದಿನ ಮೇಜಿನ ಶಿಸ್ತೇ ಈ ದಿನಗಳಿಗೆ ಹತ್ತಿರ.

ಓದಿಗೂ ಕಾಯುವಿಕೆಗೂ ಇರುವ ನಂಟನ್ನು ಆಳವಾಗಿ ಕಂಡವರು ಫ್ರೆಂಚ್ ಚಿಂತಕಿ ಸಿಮೋನ್ ವೇಲ್. ಶಾಲೆಗಳಲ್ಲಿ ತತ್ತ್ವಶಾಸ್ತ್ರ ಕಲಿಸಿದ್ದ ಅವರು 1942ರಲ್ಲಿ, ವಿದ್ಯಾಭ್ಯಾಸಕ್ಕೂ ದೇವರ ಪ್ರೀತಿಗೂ ಇರುವ ಸಂಬಂಧ ಕುರಿತು ಒಂದು ಪ್ರಬಂಧ ಬರೆದರು. ಪ್ರಾರ್ಥನೆಯೆಂದರೆ ಏಕಾಗ್ರ ಗಮನ; ಓದು ಆ ಗಮನವನ್ನು ಪಳಗಿಸುತ್ತದೆ ಎಂಬುದು ಅವರ ವಾದ. ರೇಖಾಗಣಿತದ ಲೆಕ್ಕವೊಂದಕ್ಕೆ ಮನಸ್ಸಿಟ್ಟು ದುಡಿದೂ ಉತ್ತರ ಸಿಗದಿದ್ದರೆ ಆ ಹೊತ್ತು ವ್ಯರ್ಥವಲ್ಲ, ಅದರ ಫಲ ಮುಂದೆ ಪ್ರಾರ್ಥನೆಯಲ್ಲಿ ಕಾಣುತ್ತದೆ. ಹುಬ್ಬು ಗಂಟಿಕ್ಕಿ ಮೈ ಬಿಗಿಹಿಡಿಯುವುದನ್ನು ಅವರು ಗಮನವೆಂದು ಒಪ್ಪುವುದಿಲ್ಲ. ಸತ್ಯ ತಾನಾಗಿ ಒಳಬರಲು ಮನಸ್ಸನ್ನು ತೆರೆದಿಟ್ಟು ಕಾಯುವುದೇ ಗಮನ. ಅಂಕಗಳ ಆಸೆಯನ್ನೇ ಬಿಟ್ಟು ಓದಬೇಕೆಂದೂ ಅವರು ಹೇಳುತ್ತಾರೆ. ಸಾಲ ಮಾಡಿ ಓದಿಸುವ ಮನೆಯ ಮಕ್ಕಳಿಗೆ ಇದು ಬಲು ಕಠಿಣ ಮಾತು. ಆದರೂ ಇದರಲ್ಲಿ ಕ್ರಿಸ್‌ಮಸ್‌ನ ತಿರುಳಿದೆ: ದೇವರು ಮನುಷ್ಯನಾಗಿ ಬಂದದ್ದು ಯಾರ ಅರ್ಹತೆಗೂ ಸಂದ ಬಹುಮಾನವಲ್ಲ, ಕೃಪೆ. ನಪಾಸಾದವರೂ ಆ ಕೃಪೆಯಿಂದ ಹೊರಗಿಲ್ಲ.

ಪರೀಕ್ಷೆಯ ಆತಂಕಕ್ಕೆ ಆಗಮನಕಾಲದ ಮೂರನೆಯ ಭಾನುವಾರ ನೇರವಾಗಿ ಮುಖಾಮುಖಿಯಾಗುತ್ತದೆ. ವಾರಕ್ಕೊಂದರಂತೆ ಹಚ್ಚುವ ಮೇಣದಬತ್ತಿಗಳಲ್ಲಿ ಅಂದು ಗುಲಾಬಿ ಬಣ್ಣದ್ದು ಬೆಳಗುತ್ತದೆ. ಅಂದಿನ ಸಂತೋಷದ ಕರೆ ಪೌಲನು ಫಿಲಿಪ್ಪಿಯರಿಗೆ ಬರೆದ ಪತ್ರದ್ದು. ಚಿಂತೆಗಳನ್ನು ಕೃತಜ್ಞತೆಯೊಡನೆ ದೇವರ ಮುಂದಿಡಿರೆಂಬ ಬುದ್ಧಿಮಾತೂ ಅಲ್ಲಿಯೇ ಇದೆ. ಅದನ್ನು ಬರೆದಾಗ ಪೌಲ ಸೆರೆಯಲ್ಲಿದ್ದ. ಕಷ್ಟ ಕಳೆದ ಮೇಲೆ ಸಿಗುವ ನಿರಾಳತೆಯಲ್ಲ ಅದು, ಕಷ್ಟದೊಳಗಿನ ಸಂತೋಷ. ಲೂಕನ ಸುವಾರ್ತೆಯ ಕುರುಬರಿಗೂ ಯೇಸುವಿನ ಜನನದ ಸುದ್ದಿ ಮುಟ್ಟಿದ್ದು ರಾತ್ರಿಪಾಳಿಯ ಕೆಲಸದಲ್ಲಿದ್ದಾಗಲೇ.

ಆಚರಣೆಗೆ ಹೆಚ್ಚು ಸಮಯ ಬೇಕಿಲ್ಲ. ಡಿಸೆಂಬರ್ 17ರಿಂದ 23ರವರೆಗೆ ಸಂಜೆಯ ಪ್ರಾರ್ಥನೆಯಲ್ಲಿ ದಿನಕ್ಕೊಂದರಂತೆ ಏಳು ಪ್ರಾಚೀನ ಕಿರುಸ್ತುತಿಗಳಿವೆ. ಮೊದಲನೆಯದು ಕ್ರಿಸ್ತನನ್ನು ಜ್ಞಾನವೆಂದೇ ಕರೆಯುತ್ತದೆ. ಪುಸ್ತಕ ತೆರೆಯುವ ಮುನ್ನ ಹೇಳಿಕೊಳ್ಳಲು ಅಷ್ಟು ಸಾಕು. ಜೊತೆಗೆ ಹಿಂದುಳಿದ ಸಹಪಾಠಿಗೆ ಒಂದು ಪಾಠ ವಿವರಿಸುವುದು ಆ ವಾರದ ಒಳ್ಳೆಯ ದಾನಗಳಲ್ಲೊಂದು. ಪರೀಕ್ಷೆ 24ರವರೆಗೆ ಎಳೆದರೂ ಹಬ್ಬ ಮುಗಿದಿರುವುದಿಲ್ಲ: ಸಾಂಪ್ರದಾಯಿಕ ಲೆಕ್ಕದಲ್ಲಿ ಕ್ರಿಸ್‌ಮಸ್ 25ಕ್ಕೆ ಆರಂಭವಾಗಿ ಹನ್ನೆರಡು ದಿನ, ಜನವರಿ 6ರ ಪ್ರಭುಪ್ರಕಟಣೆಯ ಹಬ್ಬದ ಹೊಸ್ತಿಲವರೆಗೂ ನಡೆಯುತ್ತದೆ.