ಮನೆಯೊಡೆಯ, ಬಾಡಿಗೆದಾರ: ಯಾರ ಕಷ್ಟ ಹೆಚ್ಚು?

ಮುಂಬಯಿಗೆ ಬಂದ ನಮ್ಮವರಲ್ಲಿ ಬಹುಮಂದಿ ಮೊದಲು ಕಾಲೂರಿದ್ದು ಚಾಳಿನ ಬಾಡಿಗೆ ಖೋಲಿಯಲ್ಲಿ. 1940ರ ಸೆಪ್ಟೆಂಬರಿನ ಬಾಡಿಗೆಯನ್ನೇ ಆಧಾರವಾಗಿಟ್ಟುಕೊಂಡ 1947ರ ಕಾಯಿದೆ ಅವರನ್ನು ಕಾಯಿತು. ಇಂದು ಅದೇ ಮನೆತನದ ಮಕ್ಕಳು ಡೊಂಬಿವಲಿ, ಮೀರಾ ರೋಡ್ ಕಡೆ ಫ್ಲ್ಯಾಟ್ ಕೊಂಡು ಹನ್ನೊಂದು ತಿಂಗಳ ಕರಾರಿಗೆ ಕೊಡುತ್ತಾರೆ. ಬಿಡಿಸುವುದು ಹೇಗೆಂದು ವಕೀಲರನ್ನು ಕೇಳುವವರು ಅನೇಕರು. ಬಿಡಿಸುವುದು ನ್ಯಾಯವೇ ಎಂದು ಕೇಳುವವರು ವಿರಳ.

ಮೊದಲನೆಯದಕ್ಕೆ ಉತ್ತರ ಸುಲಭ. 2000ದ ಮಾರ್ಚ್ 31ರಿಂದ ಜಾರಿಯಲ್ಲಿರುವ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯಿದೆಯಂತೆ ಕರಾರು ಬರಹದಲ್ಲಿದ್ದು ನೋಂದಣಿಯಾಗಿರಬೇಕು. ಆ ಹೊಣೆ ಮಾಲಿಕನದು. ಇಲ್ಲದಿದ್ದರೆ, ಸುಳ್ಳೆಂದು ಸಿದ್ಧವಾಗುವ ತನಕ, ಬಾಡಿಗೆದಾರ ಹೇಳಿದ ಶರತ್ತೇ ನಿಲ್ಲುತ್ತದೆ. ಲೈಸೆನ್ಸ್ ಅವಧಿ ಮುಗಿದರೂ ವಾಸದ ಮನೆ ಬಿಡದವನು ದುಪ್ಪಟ್ಟು ತೆರಬೇಕು. ಆದರೆ ಕೋಪದಿಂದ ನೀರು, ದೀಪ ಕಡಿಸುವಂತಿಲ್ಲ.

ಎರಡನೆಯದು ಕಠಿಣ. ರಿಪೇರಿಗೂ ಸಾಲದ ಬಾಡಿಗೆ ಪಡೆಯುವ ಹಳೆಯ ಮಾಲಿಕನ ಸಂಕಟವೂ ಸುಳ್ಳಲ್ಲ. ಮಲ್ಪೆ ವಿಶ್ವನಾಥ ಆಚಾರ್ಯ (ಹೆಸರಿನಲ್ಲೇ ನಮ್ಮ ಕರಾವಳಿಯಿದೆ) ಮೊಕದ್ದಮೆಯಲ್ಲಿ 1997ರಲ್ಲಿ ಸುಪ್ರೀಂ ಕೋರ್ಟು, ಬಾಡಿಗೆಯನ್ನು ಹಾಗೆ ಹೆಪ್ಪುಗಟ್ಟಿಸಿದ್ದು ಕಾಲಕ್ರಮದಲ್ಲಿ ಅನ್ಯಾಯವಾಗಿದೆ ಎಂದಿತು. ಹೊಸ ಕಾಯಿದೆ ವರ್ಷಕ್ಕೆ ಶೇಕಡಾ 4ರ ಏರಿಕೆಗೆ ಒಪ್ಪಿತು. ಸ್ವಂತಕ್ಕೆ ಮನೆ ಬೇಕೆಂದು ಮಾಲಿಕ ದಾವೆ ಹೂಡಿದರೆ, ಬಿಡಿಸಿದರೆ ಇವನಿಗಾಗುವ ಕಷ್ಟ ಹೆಚ್ಚೋ, ಬಿಡಿಸದಿದ್ದರೆ ಅವನಿಗಾಗುವುದು ಹೆಚ್ಚೋ ಎಂದು ನ್ಯಾಯಾಧೀಶರು ತೂಗಿ ನೋಡಬೇಕು.

ಹನ್ನೊಂದು ತಿಂಗಳ ಲೈಸೆನ್ಸಿಗೆ ಈ ತಕ್ಕಡಿಯಿಲ್ಲ. ಅಲ್ಲಿ ತೂಗಬೇಕಾದವನು ಮಾಲಿಕನೇ. ಕರಾರು ಜನವರಿಗೆ ಮುಗಿಯುತ್ತದೆ, ಬಾಡಿಗೆದಾರನ ಮಗಳಿಗೆ ಮಾರ್ಚಿನಲ್ಲಿ ಹತ್ತನೆಯ ತರಗತಿಯ ಪರೀಕ್ಷೆ ಎನ್ನಿ. ಅವಸರವಿಲ್ಲದ ಮಾಲಿಕ ಅವರನ್ನು ಎಬ್ಬಿಸಿದರೆ ಕಾನೂನು ತಪ್ಪೆನ್ನದು; ನಾನು ಎನ್ನುತ್ತೇನೆ. ಮೂರು ತಿಂಗಳಿಗೆ ಹೊಸ ಕರಾರು ಬರೆದು ನೋಂದಾಯಿಸಿದರಾಯಿತು. ಬಾಯಿಮಾತಿನ ದಯೆ ಮಾತ್ರ ಬೇಡ, ಅದು ಇಬ್ಬರಿಗೂ ಜಗಳ ತರುತ್ತದೆ. ಮಾಲಿಕಳು ಆ ಬಾಡಿಗೆಯಲ್ಲೇ ಬದುಕುವ ವಿಧವೆಯಾಗಿದ್ದು, ಬಾಡಿಗೆದಾರ ಕಷ್ಟದ ಕತೆ ಹೇಳುತ್ತ ಕೊಡದೆ ಕುಳಿತಿದ್ದರೆ? ಆಗ ದುಪ್ಪಟ್ಟು ವಸೂಲಿಗೆ ನನ್ನ ಮನಸ್ಸು ಅಳುಕದು.

ಇನ್ನೊಂದು ಸಂಗತಿ ನಮ್ಮಲ್ಲಿ ಯಾರೂ ಎತ್ತುವುದಿಲ್ಲ. ಫ್ಲ್ಯಾಟಿನ ಬಾಡಿಗೆ ಪೇಟೆಯ ದರಕ್ಕೇ ಬೇಕು. ಅಪ್ಪನ ಕಾಲದ ಪಗಡಿ ಖೋಲಿಗೆ ಮಾತ್ರ ಹಳೆಯ ಬಾಡಿಗೆ ಕೊಟ್ಟು, ಮುಂದೆ ಬೆಲೆ ಬರಲೆಂದು ಬೀಗ ಜಡಿದಿಡುತ್ತಾರೆ. ಮನೆಯೊಡೆಯನಾಗಿ ಕೇಳುವ ನ್ಯಾಯವನ್ನು ಬಾಡಿಗೆದಾರನಾಗಿ ಕೊಡಬೇಡವೇ? ಸಕಾರಣವಿಲ್ಲದೆ ಆರು ತಿಂಗಳು ಮುಚ್ಚಿಟ್ಟ ಖೋಲಿಯನ್ನು ಬಿಡಿಸಿಕೊಳ್ಳಲು ಆ ಚಾಳಿನ ಮಾಲಿಕನಿಗೂ ಇದೇ ಕಾಯಿದೆಯಲ್ಲಿ ದಾರಿಯಿದೆ.