ಕುದುರೆ ಪೈಸೆ ಬರೋದಕ್ಕೆ ಮುಂಚಿನ ಮೂರು ವರ್ಷ

ಮತ್ತಾಯ 22 ತೆಗೆಯಿರಿ, 15ನೇ ವಚನದಿಂದ. ತೆರಿಗೆ ಬಗ್ಗೆ ಸಿಕ್ಕಿಸೋಕೆ ಬಂದವರ ಹತ್ತಿರ ಯೇಸುಸ್ವಾಮಿ ಒಂದು ನಾಣ್ಯ ಕೇಳಿದರು, ಇದರ ಮೇಲಿರೋದು ಯಾರು ಅಂದರು. ಅದೇ ಪ್ರಶ್ನೆಯನ್ನ ಇವತ್ತು ನಮ್ಮ ದೇಶದ ಚಿಲ್ಲರೆಗೆ ಕೇಳೋಣ.

ನಮ್ಮ ಯೂತ್ ಗ್ರೂಪ್‌ನಲ್ಲಿ ಹಳೇ ಕಂಚಿನ ಕಾಸು ಕೂಡಿಡೋ ತಮ್ಮ ಒಬ್ಬ ಇದ್ದಾನೆ. ಬೆಳ್ಳಿ ರೂಪಾಯಿ ಕೊಟ್ಟರೂ ಬೇಡ ಅವನಿಗೆ! ಆಲ್ಬಮ್‌ನಲ್ಲಿ ಮೊದಲು ತೂತಿನ ಕಾಸು, 1943ರಿಂದ 1947ರವರೆಗಿನದು. ನಡುವೆ ದೊಡ್ಡ ತೂತು, ಮೇಲೆ ಬ್ರಿಟಿಷ್ ಕಿರೀಟ. ಪಕ್ಕದಲ್ಲಿ 1950ರ ಒಂದು ಪೈಸೆ. ಒಂದು ಕಡೆ ಅಶೋಕಸ್ತಂಭದ ಸಿಂಹಗಳು, ಇನ್ನೊಂದು ಕಡೆ ಕುದುರೆ. ಇಂಥವು 64 ಸೇರಿದರೆ ಆಗ ಒಂದು ರೂಪಾಯಿ.

ಸ್ವಾತಂತ್ರ್ಯ ಬಂದದ್ದು 1947ರ ಆಗಸ್ಟ್ 15. ಸಿಂಹದ ನಾಣ್ಯಗಳು ಬಂದದ್ದು 1950ರ ಆಗಸ್ಟ್ 15. ಲೆಕ್ಕ ಹಾಕಿ, ಸರಿಯಾಗಿ ಮೂರು ವರ್ಷ! ಅಲ್ಲಿವರೆಗೂ ರೂಪಾಯಿ ಮೇಲೆ ಆರನೇ ಜಾರ್ಜ್, ಪೈಸೆ ಮೇಲೆ ಅವನ ಕಿರೀಟ. ಅಂಗಡಿಯಲ್ಲಿ ಅದೇ ನಡೀತಿತ್ತು. 1950ರ ಜನವರಿ 26ರವರೆಗೆ ಹೆಸರಿಗೆ ರಾಜನೂ ಅವನೇ, ಆಳ್ತಾ ಇದ್ದವರು ಮಾತ್ರ ನಮ್ಮವರು. ಜೇಬಲ್ಲಿ ಹಳೇ ಕಾಸು ಇತ್ತು ಅಂತ ಸ್ವಾತಂತ್ರ್ಯ ಸುಳ್ಳಾಗಲಿಲ್ಲ. ಆಮೆನ್?

ನಿಮ್ಮಲ್ಲಿ ಕೆಲವರು ರಾತ್ರಿ ಹನ್ನೊಂದಕ್ಕೆ ಮೆಸೇಜ್ ಮಾಡ್ತೀರ. "ಪಾಸ್ಟರ್, ದೀಕ್ಷಾಸ್ನಾನ ಆಗಿ ಎರಡು ವರ್ಷ ಆಯ್ತು. ಇನ್ನೂ ಫೋನಲ್ಲಿ ಅದನ್ನೇ ನೋಡ್ತೀನಿ, ಮನೆಯಲ್ಲಿ ಅದೇ ಕೋಪ. ನನಗೆ ನಿಜವಾಗ್ಲೂ ರಕ್ಷಣೆ ಆಗಿದೆಯಾ?" ದೇವರ ಮಗುವೇ, ಕೊಲೊಸ್ಸೆ 1:13 ಓದು. ಕತ್ತಲೆಯ ಕೈಯಿಂದ ಬಿಡಿಸಿ ತನ್ನ ಮಗನ ರಾಜ್ಯಕ್ಕೆ ಸೇರಿಸಿದ್ದಾನೆ, ಅದು ಆಗಿಹೋದ ಕೆಲಸ. ಸೈತಾನ ನಿನ್ನ ಜೇಬಿನ ಹಳೇ ಕಾಸು ಎತ್ತಿ ತೋರಿಸಿ, ನೋಡು, ಇನ್ನೂ ನಾನೇ ರಾಜ ಅಂತಾನೆ. ಬಿಡುಗಡೆಯ ತಾರೀಖು ಬರೆದಿರೋದು ಶಿಲುಬೆಯ ಮೇಲೆ.

ಇದನ್ನ ಕೇಳಿ ಆರಾಮಾಗಿ ಕೂತುಬಿಡೋರೂ ಇದ್ದೀರ, ನನಗೆ ಗೊತ್ತು! ದೇಶ ಹಾಗೆ ಕೂರಲಿಲ್ಲ. ಟಂಕಸಾಲೆಯಲ್ಲಿ ಅಚ್ಚು ಬದಲಾಯಿತು. ಆಣೆ ಲೆಕ್ಕ 1957ರ ಏಪ್ರಿಲ್ 1ರವರೆಗೂ ಉಳೀತು, ಆದರೆ ರಾಜನ ಮುಖ ಅದಕ್ಕೂ ಎಷ್ಟೋ ಮುಂಚೆ ಹೋಯಿತು.

ಆ ತಮ್ಮ ಇನ್ನೊಂದು ವಿಷಯ ಹೇಳಿದ. ಹಳೇ ಕಂಚನ್ನ ಹುಣಸೆಹಣ್ಣು ಹಾಕಿ ಉಜ್ಜಬಾರದಂತೆ. ಫಳಫಳ ಅನ್ನುತ್ತೆ, ಸಂಗ್ರಹಕಾರರ ಹತ್ತಿರ ಬೆಲೆ ಬಿದ್ದುಹೋಗುತ್ತೆ. ಎಷ್ಟು ಉಜ್ಜಿದರೂ ಕಿರೀಟ ಸಿಂಹ ಆಗಲ್ಲವಲ್ಲ! ಭಾನುವಾರದ ಬಿಳಿ ಬಟ್ಟೆ, ಸ್ಟೇಟಸ್‌ನಲ್ಲಿ ಒಂದು ವಚನ, ಇದೆಲ್ಲ ಹುಣಸೆಹಣ್ಣಿನ ಕೆಲಸ. ಹೊಸ ಮುದ್ರೆ ಬೇಕಾದರೆ ಲೋಹ ಅಚ್ಚಿನ ಕೆಳಗೆ ಹೋಗಬೇಕು, ಏಟು ತಿನ್ನಬೇಕು. ಸೃಷ್ಟಿಸಿದಾತನ ಹೋಲಿಕೆಗೆ ನಮ್ಮನ್ನ ತರೋ ಈ ಕೆಲಸ ಪವಿತ್ರಾತ್ಮನದು. ನಾವು ಮಾಡಬೇಕಾದ್ದು, ಕೈ ಬಿಚ್ಚಿ ಆ ಹಳೇ ಕಾಸು ಕೊಡೋದು.

ವರ್ಷಿಪ್ ಟೀಮ್, ಮುಂದೆ ಬನ್ನಿ. ಎಲ್ಲರೂ ಕಣ್ಣು ಮುಚ್ಚಿ. ಯಾವ ಕಾಸು ಅಂತ ಹೆಸರು ಹಿಡಿದು ಕರ್ತನಿಗೆ ಹೇಳಿ, ಪಕ್ಕದವರಿಗೆ ಕೇಳಿಸೋದು ಬೇಡ. ನಾನು ಕಾಯ್ತೀನಿ.