ನೆನಪುಗಳನ್ನು ಯಾರ ಕೈಗೆ ಒಪ್ಪಿಸೋಣ?



ಪತಿಯನ್ನು ಕಳೆದುಕೊಂಡ ಒಬ್ಬ ಸಹೋದರಿ ತಿಂಗಳ ಪೂಜೆಗೆ ಹೇಳಲು ಬಂದಿದ್ದರು. ಮಾತಿನ ನಡುವೆ, "ಫಾದರ್, ಮಗಳ ಜ್ಞಾನಸ್ನಾನದಿಂದ ಪ್ರಥಮ ಪರಮಪ್ರಸಾದದವರೆಗಿನ ಫೋಟೋಗಳೆಲ್ಲ ಅವರ ಖಾತೆಯಲ್ಲಿವೆ. ಪಾಸ್‌ವರ್ಡ್ ಅವರೊಬ್ಬರಿಗೇ ಗೊತ್ತಿತ್ತು" ಎಂದು ಕಣ್ಣೊರೆಸಿಕೊಂಡರು. ಅವರು ಹೋದ ಮೇಲೂ ಒಂದು ಪ್ರಶ್ನೆ ನನ್ನಲ್ಲಿ ಉಳಿಯಿತು. ಆ ಫೋಟೋಗಳು ಯಾರವು? ತೆಗೆದ ತಂದೆಯವೇ? ಇಟ್ಟುಕೊಂಡಿರುವ ಸಂಸ್ಥೆಯವೇ? ಅವುಗಳಲ್ಲಿ ನಗುತ್ತಿರುವ ಮಗುವಿನವೇ?

ಹಿಂದೆ ಫೋಟೋಗಳು ಆಲ್ಬಮ್ಮಿನಲ್ಲಿ, ಆಲ್ಬಮ್ಮು ಬೀರುವಿನಲ್ಲಿ ಇರುತ್ತಿತ್ತು. ಗೆದ್ದಲಿನ ಭಯವಿತ್ತು, ಆದರೆ ಬೀರುವಿನ ಬೀಗದಕೈ ಮನೆಯವರಿಗೆಲ್ಲ ಗೊತ್ತಿತ್ತು. ಈಗ ಅವನ್ನು ಇಂಟರ್‌ನೆಟ್ಟಿನ ಮೂಲಕ ದೂರದ ಕಂಪ್ಯೂಟರುಗಳಲ್ಲಿ ಇಡುತ್ತೇವೆ. ಎಲ್ಲಿ ಇಡಬೇಕೆಂದು ಆರಿಸುವಾಗ ಕೇಳುವುದು ಎರಡೇ ಪ್ರಶ್ನೆ: ಜಾಗ ಎಷ್ಟು? ಹಣ ಎಷ್ಟು? ಇವು ಬೇಕಾದ ಪ್ರಶ್ನೆಗಳೇ, ಆದರೆ ಇವಿಷ್ಟೇ ಸಾಲವು.

ಮೊದಲು 'ಉಚಿತ' ಎಂಬ ಮಾತನ್ನು ನೋಡೋಣ. ಗೂಗಲ್ ಫೋಟೋಸ್ 2015ರಲ್ಲಿ ಆರಂಭವಾದಾಗ, ಗಾತ್ರ ತಗ್ಗಿಸಿದ ಫೋಟೋಗಳನ್ನು ಎಷ್ಟು ಬೇಕಾದರೂ ಉಚಿತವಾಗಿ ಇಡಬಹುದಿತ್ತು. 2021ರ ಜೂನ್ 1ಕ್ಕೆ ಆ ಸೌಲಭ್ಯ ಮುಗಿಯಿತು. ಫ್ಲಿಕರ್ ಸಂಸ್ಥೆ ಉಚಿತ ಖಾತೆಗೆ 1,000 ಫೋಟೋಗಳ ಮಿತಿಯನ್ನು 2018ರಲ್ಲಿ ಪ್ರಕಟಿಸಿತು. ಇದನ್ನು ಮೋಸವೆನ್ನಲಾಗದು, ಕಂಪ್ಯೂಟರುಗಳನ್ನು ನಡೆಸಲು ವಿದ್ಯುತ್ತು ಬೇಕು, ಕೆಲಸಗಾರರು ಬೇಕು. ಆದರೆ ದಾನ ಬೇರೆ, ವ್ಯಾಪಾರ ಬೇರೆ. ವ್ಯಾಪಾರವನ್ನು ದಾನವೆಂದು ತಿಳಿದರೆ ತಪ್ಪು ನಮ್ಮದೇ. ಆದ್ದರಿಂದ ಸೇರುವ ಮೊದಲೇ, ಹೊರಡುವಾಗ ಎಲ್ಲ ಫೋಟೋಗಳನ್ನೂ ಸುಲಭವಾಗಿ ಹಿಂದಕ್ಕೆ ಪಡೆಯಬಹುದೇ ಎಂದು ವಿಚಾರಿಸಿರಿ.

ಎರಡನೆಯದು ಬೀಗದ ಪ್ರಶ್ನೆ. ಎಂಟೆ, ಪ್ರೋಟಾನ್ ಡ್ರೈವ್‌ನಂಥ ಕೆಲವು ಸೇವೆಗಳಲ್ಲಿ ಫೋಟೋ ನಮ್ಮ ಫೋನಿನಲ್ಲೇ ಬೀಗ ಹಾಕಿಸಿಕೊಂಡು ಹೋಗುತ್ತದೆ. ಸಂಸ್ಥೆಯವರೂ ಅದನ್ನು ತೆರೆದು ನೋಡಲಾರರು. 'ಬೇಡ' ಎನ್ನಲು ಬಾಯಿ ಬಾರದ ಹಸುಗೂಸಿನ ಚಿತ್ರಗಳಿಗೆ ಈ ರಕ್ಷಣೆ ಒಳ್ಳೆಯದು. ಆದರೆ ಕೀಲಿ ಕಳೆದರೆ ತೆರೆದುಕೊಡುವವರು ಯಾರೂ ಇಲ್ಲ. ಪರಕೀಯರನ್ನು ತಡೆಯುವ ಬೀಗವೇ ಹೆಂಡತಿ ಮಕ್ಕಳನ್ನೂ ತಡೆಯುತ್ತದೆ.

ಹಾಗಾದರೆ ಯಾವುದು ಸರಿ? ಪ್ಲೇಟೋನ 'ರಿಪಬ್ಲಿಕ್' ಗ್ರಂಥದ ಆರಂಭದಲ್ಲಿ ಒಂದು ಪ್ರಶ್ನೆ ಬರುತ್ತದೆ. ಗೆಳೆಯನು ನಮ್ಮಲ್ಲಿ ಇಟ್ಟುಹೋದ ಆಯುಧವನ್ನು ಬುದ್ಧಿ ಕೆಟ್ಟ ಸ್ಥಿತಿಯಲ್ಲಿ ಮರಳಿ ಕೇಳಿದರೆ ಕೊಡಬೇಕೇ? ಕೊಡುವುದು ನ್ಯಾಯವಲ್ಲ ಎಂದು ಎಲ್ಲರೂ ಒಪ್ಪುತ್ತಾರೆ. ಅಂದರೆ ಇಡುಗಂಟನ್ನು ಕಾಯುವವನು ಗಂಟನ್ನು ಮಾತ್ರ ಕಾದರೆ ಸಾಲದು, ಸಂಬಂಧಪಟ್ಟವರ ಹಿತವನ್ನೂ ಕಾಯಬೇಕು. ಕುಟುಂಬದ ಫೋಟೋಗಳೂ ಇಂಥ ಇಡುಗಂಟೇ. ಅವನ್ನು ತೆಗೆದವರು ಒಡೆಯರಲ್ಲ, ಕಾವಲುಗಾರರು. ಪರರ ಕಣ್ಣಿನಿಂದ ಕಾಪಾಡುವುದು ಅವರ ಒಂದು ಕರ್ತವ್ಯ. ಮನೆಯವರ ಕೈಗೆ ಸೇರಿಸುವುದು ಇನ್ನೊಂದು. ಒಂದಕ್ಕಾಗಿ ಮತ್ತೊಂದನ್ನು ಬಿಡುವಂತಿಲ್ಲ.

ಇದಕ್ಕೆ ದಾರಿಗಳಿವೆ. ನಮ್ಮ ಖಾತೆ ಬಹುಕಾಲ ನಿಶ್ಚಲವಾದರೆ ಅದರಲ್ಲಿರುವುದು ಯಾರಿಗೆ ಸೇರಬೇಕೆಂದು ಮೊದಲೇ ಸೂಚಿಸುವ ಏರ್ಪಾಡು ಗೂಗಲ್‌ನಲ್ಲಿ 2013ರಿಂದ ಇದೆ. ನಮ್ಮ ಮರಣಾನಂತರ ಖಾತೆಯನ್ನು ತೆರೆಯುವವರನ್ನು ಹೆಸರಿಸುವ ಅವಕಾಶವನ್ನು ಆಪಲ್ 2021ರಲ್ಲಿ ಕೊಟ್ಟಿತು. ಎರಡು ವರ್ಷ ಬಳಸದ ಖಾತೆಯನ್ನು ಅಳಿಸಬಹುದೆಂಬ ನಿಯಮವನ್ನು ಗೂಗಲ್ 2023ರಲ್ಲಿ ಪ್ರಕಟಿಸಿದೆ. ಆದ್ದರಿಂದ ತಡಮಾಡುವುದು ಒಳ್ಳೆಯದಲ್ಲ. ಇನ್ನೊಂದು ಎಚ್ಚರಿಕೆ: ಹಲವು ಸೇವೆಗಳಲ್ಲಿ ಫೋನಿನಿಂದ ಅಳಿಸಿದ ಫೋಟೋ ಅಲ್ಲಿಂದಲೂ ಅಳಿಸಿಹೋಗುತ್ತದೆ. ಬೇರೊಂದು ಪ್ರತಿ ಮನೆಯ ಹಾರ್ಡ್ ಡಿಸ್ಕಿನಲ್ಲಿ ಇರಲಿ.

ಆ ಸಹೋದರಿ ಈಗ ಬಂಧುಗಳ ಫೋನುಗಳಿಂದ ಒಂದೊಂದೇ ಫೋಟೋ ಕೇಳಿ ಪಡೆಯುತ್ತಿದ್ದಾರೆ. ನಿಮ್ಮ ಮನೆಯವರಿಗೆ ಆ ಪಾಡು ಬರಬಾರದು. ಈ ಭಾನುವಾರ ಊಟವಾದ ಮೇಲೆ ಎಲ್ಲರೂ ಒಟ್ಟಿಗೆ ಕುಳಿತುಕೊಳ್ಳಿರಿ. ಫೋಟೋಗಳು ಎಲ್ಲಿವೆ, ಕೀಲಿ ಯಾರ ಬಳಿ ಇದೆ ಎಂದು ಮಾತನಾಡಿರಿ. ದೊಡ್ಡ ಮಕ್ಕಳಿದ್ದರೆ, ಯಾವ ಚಿತ್ರ ಇರಬೇಕು, ಯಾವುದು ಬೇಡ ಎಂದು ಅವರನ್ನೂ ಕೇಳಿರಿ. ಯಾವ ಸೇವೆ ಒಳ್ಳೆಯದೆಂಬುದನ್ನು ಆ ಮೇಲೆ ಆರಿಸಿದರಾಯಿತು.